ಸ್ಪ್ರಿಂಗಿಗೂ ಸಮಾಧಾನ ಹೇಳುವವರು ಬೇಕು

ಮಕ್ಕಳೇ, ಈ ವಾರದ ಕತೆ ಶುರುವಾಗಿದ್ದು ಒಂದು ಪಾತ್ರೆ ಹುಳಿಯಿಂದ.

ಮೈಸೂರಿನಲ್ಲೇ ಇರುವ ಅಜ್ಜಿಯ ತಂಗಿಯ ಮನೆಗೆ ಹೊರಟಿದ್ದೆವು. ನಮ್ಮದು 1998ರ ಮಾರುತಿ 800. ಅಜ್ಜಿಯ ತೊಡೆಯ ಮೇಲೆ ಹುಳಿಯ ಪಾತ್ರೆ. ರಸ್ತೆಯ ಹಂಪ್ ದಾಟಿ ಆದಮೇಲೂ ಕಾರು ಒಂದು, ಎರಡು, ಮೂರು ಸಲ ಕುಣಿಯಿತು. ಹುಳಿ ರೇಷ್ಮೆ ಸೀರೆಗೆ ಚೆಲ್ಲಿತು.

“ಇದೇನು ಕಾರೋ, ತೊಟ್ಟಿಲೋ?” ಎಂದಳು ಅಜ್ಜಿ.

ಪಾಲಿಟೆಕ್ನಿಕ್ ಓದುವ ಮೊಮ್ಮಗನಿಗೆ ಇಷ್ಟೇ ಸಾಕಾಯಿತು. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. “ತಾತ, ಕಾಯಿಲೋವರ್ ಹಾಕಿಸೋಣ. ಇದರ ಮೈಮೇಲೆ ಮರೆ ಇರುತ್ತೆ. ಈ ಬಳೆ ತಿರುಗಿಸಿದರೆ ಕಾರನ್ನ ಎಷ್ಟು ಬೇಕೋ ಅಷ್ಟು ತಗ್ಗಿಸಬಹುದು. ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತೆ!”

“ನೆಲಕ್ಕೆ ಅಂಟಿಕೊಂಡ ಕಾರಿನಿಂದ ನಿಮ್ಮಜ್ಜಿಯನ್ನ ಎಬ್ಬಿಸೋರು ಯಾರಪ್ಪ? ನಮ್ಮ ಹಂಪುಗಳಿಗೆ ಹೊಟ್ಟೆ ಉಜ್ಜಿದರೆ?” ಎಂದೆ. ಕಾನೂನನ್ನೂ ನೆನಪಿಸಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು.

ಅವನ ಮುಖ ಬಾಡಿತು. “ಹಾಗಾದರೆ ಹಳೇ ಶಾಕ್ ಅಬ್ಸಾರ್ಬರ್ ತೆಗೆದು, ಅದೇ ಅಳತೆಯ ಹೊಸದನ್ನ ನಾವೇ ಹಾಕೋಣ” ಎಂದೆ. ಮುಖ ಅರಳಿತು.

ನಿಜ ಹೇಳಬೇಕೆಂದರೆ ಆ ಕಾಯಿಲೋವರಿಗೆ ನಮ್ಮ ಕಾರು ದೂರದ ನೆಂಟ. ಇದರ ಮುಂದಿನ ಚಕ್ರಗಳಲ್ಲೂ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತಲೇ ಕೂತಿದೆ. ಎತ್ತರ ಬದಲಿಸುವ ಬಳೆ ಇಲ್ಲ, ಅಷ್ಟೇ. ಈ ಜೋಡಣೆಗೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂದು ಹೆಸರು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು 1940ರ ದಶಕದಲ್ಲಿ ರೂಪಿಸಿದ್ದು.

ಸ್ಪ್ರಿಂಗು ಗುಂಡಿಯ ಪೆಟ್ಟನ್ನು ನುಂಗುತ್ತದೆ. ಆದರೆ ನುಂಗಿದ್ದನ್ನು ಇಟ್ಟುಕೊಳ್ಳಲಾರದು, ಹಿಂದಕ್ಕೆ ಎಸೆಯುತ್ತದೆ. ಅದಕ್ಕೇ ಕಾರು ಕುಣಿಯುವುದು. ಆ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಓಕುಳಿಯ ಪಿಚಕಾರಿ ಒತ್ತಿದ್ದೀರಲ್ಲ? ತೂತು ಸಣ್ಣದು, ಎಷ್ಟು ಜೋರಾಗಿ ಒತ್ತಿದರೆ ಅಷ್ಟು ಬಿಗಿ. ಇದರೊಳಗೂ ಹಾಗೆಯೇ ಸಣ್ಣ ತೂತುಗಳಲ್ಲಿ ಎಣ್ಣೆ ನುಸುಳಬೇಕು. ಕುಣಿತದ ಬಲವೆಲ್ಲ ಅಲ್ಲಿ ಶಾಖವಾಗಿ ಕರಗಿಹೋಗುತ್ತದೆ. ನಮ್ಮದರ ಎಣ್ಣೆ ಸೋರಿ, ಹೊರಮೈಯೆಲ್ಲ ಜಿಡ್ಡು ಹಿಡಿದಿತ್ತು.

ದಸರಾ ರಜೆಯ ಒಂದು ಬೆಳಗ್ಗೆ ಕೆಲಸಕ್ಕೆ ಕೂತೆವು. ಸಮತಟ್ಟಾದ ನೆಲ. ಹಿಂದಿನ ಚಕ್ರಗಳಿಗೆ ಇಟ್ಟಿಗೆಯ ಅಡ್ಡ. ಜಾಕ್ ಇರುವುದು ಕಾರನ್ನು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಸುಮಾರು 650 ಕೆ.ಜಿ.ಯ ಕಾರು ಇದು. ಆದ್ದರಿಂದ ಎತ್ತಿದ ಮೇಲೆ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟೆವು. ಬಿಚ್ಚಿದ ಚಕ್ರವನ್ನೂ ಕಾರಿನಡಿಗೆ ತಳ್ಳಿಟ್ಟೆವು. ಸ್ಟ್ಯಾಂಡು ಜಾರಿದರೂ ಕಾರು ಚಕ್ರದ ಮೇಲೆ ಕೂರಲಿ, ಕೈಮೇಲಲ್ಲ.

ಕೆಳಗಿನ ಬೋಲ್ಟುಗಳಿಗೆ ತುಕ್ಕು. ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರಿಂದ ಗೊಣಗುತ್ತಾ ಬಂದವು. ಬಾನೆಟ್ ಎತ್ತಿ ಮೇಲಿನ ನಟ್ಟುಗಳನ್ನು ಬಿಚ್ಚಿದೆವು. ಸ್ಪ್ರಿಂಗಿನ ಸಮೇತ ಇಡೀ ಸ್ಟ್ರಟ್ ಕೈಗೆ ಬಂತು. ನಾನು ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಿದ್ದೆ. ತಿರುಗಿ ನೋಡುತ್ತೇನೆ, ಹುಡುಗ ಸ್ಟ್ರಟ್ಟನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಅದರ ನೆತ್ತಿಯ ನಡುವಿನ ನಟ್ಟಿಗೆ ಸ್ಪ್ಯಾನರ್ ಹಾಕಿದ್ದಾನೆ!

“ಬಿಡೋ ಅದನ್ನ!” ಎಂದು ಕಿರುಚಿದೆ. ಸ್ಪ್ಯಾನರ್ ಕಿತ್ತುಕೊಂಡೆ. “ತಲೇಲಿ ಏನಿದೆ ನಿಂಗೆ?”

ಅಕ್ಕಪಕ್ಕದವರೆಲ್ಲ ಇಣುಕಿದರು. ಅವನು ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಊಟಕ್ಕೂ ಬರಲಿಲ್ಲ.

ಅಜ್ಜಿ ನನ್ನ ತಟ್ಟೆಗೆ ಅನ್ನ ಬಡಿಸುತ್ತಾ ಹೇಳಿದಳು: “ಅಲ್ಲಾ ರೀ, ಕಾರಿಗೆ ಎರಡು ಶಾಕ್ ಅಬ್ಸಾರ್ಬರ್ ತಂದ್ರಿ. ನಿಮಗೂ ಒಂದು ತರಬಾರದಿತ್ತೇ?”

ನನಗೆ ಅನ್ನ ಇಳಿಯಲಿಲ್ಲ. ಎದ್ದು ಹೋಗಿ ಬಾಗಿಲು ತಟ್ಟಿದೆ. “ಪುಟ್ಟಾ, ಆ ನಟ್ಟೇ ಸ್ಪ್ರಿಂಗನ್ನ ಅದುಮಿ ಹಿಡಿದಿರೋದು. ಅದು ಬಿಚ್ಚಿದ್ದರೆ ಮೇಲಿನ ತಟ್ಟೆ ಗುಂಡಿನ ಹಾಗೆ ನಿನ್ನ ಮುಖಕ್ಕೆ ಹಾರುತ್ತಿತ್ತು. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು. ಕೂಗಿದ್ದು ಭಯದಿಂದ ಕಣೋ, ಕೋಪದಿಂದಲ್ಲ.”

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. “ತಾತ, ಹುಳಿ ಉಳಿದಿದೆಯಾ?” ಎಂದ.

ಸಂಜೆ ಎರಡೂ ಸ್ಟ್ರಟ್ಟುಗಳನ್ನು ಆಟೋದಲ್ಲಿ ಹಾಕಿಕೊಂಡು ಗ್ಯಾರೇಜಿಗೆ ಹೋದೆವು. ಅದೊಂದು ಕೆಲಸ ಮನೆಯದಲ್ಲ. ಮೂವತ್ತು ವರ್ಷ ಪಳಗಿದ ಮೆಕ್ಯಾನಿಕ್ಕು ಸ್ಪ್ರಿಂಗನ್ನು ಅದುಮುವ ಸಾಧನ ತೊಡಿಸಿ, ಎರಡೂ ಕಡೆ ಒಂದೇ ಸಮನಾಗಿ, ಸ್ವಲ್ಪಸ್ವಲ್ಪವೇ ಬಿಗಿಮಾಡಿದರು. ನಟ್ಟು ಬಿಚ್ಚುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡರು. ಮೊಮ್ಮಗ ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಬೇರೇನೂ ಹೇಳಬೇಕಾಗಲಿಲ್ಲ.

ಮರುದಿನ ಸ್ಟ್ರಟ್ಟುಗಳನ್ನು ಅವನೇ ಕೂರಿಸಿದ, ನಾನು ಟಾರ್ಚ್ ಹಿಡಿದೆ. ಚಕ್ರಗಳ ಅಲೈನ್‌ಮೆಂಟ್ ಅಂಗಡಿಯಲ್ಲಿ ಮಾಡಿಸಿದೆವು. ಸ್ಟ್ರಟ್ ಬಿಚ್ಚಿದ ಮೇಲೆ ಅದು ಆಗಲೇಬೇಕು.

ಮಕ್ಕಳೇ, ನಿಮ್ಮ ಮನೆಯ ಕಾರನ್ನು ನೀವೇ ಪರೀಕ್ಷಿಸಬಹುದು. ಕಾರು ನಿಂತಿರುವಾಗ, ದೊಡ್ಡವರನ್ನು ಕೇಳಿ, ಮುಂದಿನ ಒಂದು ಮೂಲೆಯನ್ನು ಜೋರಾಗಿ ಅದುಮಿ ಬಿಡಿ. ಮೇಲೆದ್ದು ಸುಮ್ಮನಾದರೆ ಸರಿ. ಕುಣಿಯುತ್ತಲೇ ಇದ್ದರೆ ಗ್ಯಾರೇಜಿಗೆ ಕಳಿಸಿ.

ನಾವು ಬೇರೆಯದೇ ಪರೀಕ್ಷೆ ಮಾಡಿದೆವು. ಭಾನುವಾರ ಅದೇ ರಸ್ತೆ, ಅದೇ ಹಂಪು. ಈ ಸಲ ಅಜ್ಜಿಯ ತೊಡೆಯ ಮೇಲೆ ಶಾವಿಗೆ ಪಾಯಸ, ತುಂಬಿದ ಪಾತ್ರೆ. ಕಾರು ಒಮ್ಮೆ ಎದ್ದು, ಒಮ್ಮೆ ಇಳಿದು, ಸುಮ್ಮನಾಯಿತು.

ಅಜ್ಜಿ ಮುಚ್ಚಳ ತೆಗೆದು ನೋಡಿ, ಹಿಂದೆ ಕೂತಿದ್ದ ಮೊಮ್ಮಗನಿಗೆ ಹೇಳಿದಳು: “ಕಾರು ರಿಪೇರಿ ಆಯ್ತು ಮರಿ. ತಾತನದು ಇನ್ನೂ ಸ್ವಲ್ಪ ಬಾಕಿ ಇದೆ.”