ಕೋಡಿ ಎತ್ತರಿಸುವ ಮುನ್ನ ಏರಿಯನ್ನು ನೋಡಿ

ಕೆರೆ ಕೋಡಿ ಬಿದ್ದಿತೆಂದರೆ ತುಮಕೂರು ಸೀಮೆಯಲ್ಲಿ ಹಬ್ಬ. ಗಂಗಮ್ಮನಿಗೆ ಪೂಜೆ, ಬಾಗಿನ, ಏರಿಯ ಮೇಲೆ ಜನಜಾತ್ರೆ. ಬರ ಕಂಡವರಿಗೆ ಈ ಸಂತೋಷ ಸಹಜ. ಆದರೆ ಕೋರ ಹೋಬಳಿಯಂತಹ ಮಳೆಯಾಶ್ರಿತ ಪ್ರದೇಶದಲ್ಲಿ ನೆರೆಯ ಅಪಾಯ ಬರುವುದೂ ಈ ಸಂತೋಷದ ಬೆನ್ನಿಗೇ. ಇಲ್ಲಿ ನೆರೆ ಎಂದರೆ ಏರಿ ಒಡೆದು ನುಗ್ಗುವ ಕೆರೆಯ ನೀರು, ಇಲ್ಲವೇ ಒಂದೇ ರಾತ್ರಿಯಲ್ಲಿ ಉಕ್ಕುವ ಹಳ್ಳ.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಹಳ್ಳಿಗೆ ರಾಗಿ ತಾಕು ನೋಡಲು ಹೋಗಿದ್ದಾಗ, ಕೆರೆಯ ಕೋಡಿಯ ಮೇಲೆ ಮೊಣಕಾಲೆತ್ತರಕ್ಕೆ ಮರಳಿನ ಮೂಟೆ ಪೇರಿಸಿದ್ದನ್ನು ಕಂಡೆ. "ಇನ್ನೊಂದು ಮೊಳ ನೀರು ನಿಂತರೆ ಬೋರ್‌ವೆಲ್ಲು ಬೇಸಿಗೆ ದಾಟುತ್ತವೆ ಸ್ವಾಮಿ" ಎಂದರು ಹಿರಿಯ ರೈತರೊಬ್ಬರು. ಅವರ ಲೆಕ್ಕ ತಪ್ಪಲ್ಲ. ಏರಿಯ ಹಿಂದೆ ಅವರದೇ ಅಡಿಕೆ ತೋಟ, ಅದರಾಚೆ ಒಂದು ಗೊಲ್ಲರಹಟ್ಟಿ ಇದ್ದುದು ಮಾತ್ರ ಲೆಕ್ಕಕ್ಕೆ ಸೇರಿರಲಿಲ್ಲ. ನಾನೂ ಆ ದಿನ ಒತ್ತಾಯಿಸಿ ಹೇಳದೆ, ರಾಗಿಯ ವಿಷಯ ಮಾತಾಡಿ ಬಂದುಬಿಟ್ಟೆ. ಅಂದು ಹೇಳಬೇಕಾಗಿದ್ದುದನ್ನು ಇಂದು ಬರೆಯುತ್ತಿದ್ದೇನೆ.

ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ನಿಮ್ಮ ಕೆರೆಗೆ 1,000 ಎಕರೆಯಿಂದ ನೀರು ಬರುತ್ತದೆಂದು ಇಟ್ಟುಕೊಳ್ಳಿ. ಒಂದು ರಾತ್ರಿ 100 ಮಿ.ಮೀ. ಸುರಿದು ಅದರಲ್ಲಿ ಅರ್ಧ ಮಾತ್ರ ಹರಿದು ಬಂದರೂ 20 ಕೋಟಿ ಲೀಟರ್ ಆಯಿತು. ಇಂತಹ ರಾತ್ರಿಗೆಂದೇ ಹಿಂದಿನವರು ಕೋಡಿಯನ್ನು ಏರಿಗಿಂತ ತಗ್ಗಾಗಿ, ಅಗಲವಾಗಿ ಕಟ್ಟಿದರು. ಅದನ್ನು ಮುಚ್ಚಿದರೆ ನೀರು ಏರಿಯ ನೆತ್ತಿ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿಯತೊಡಗಿದರೆ ಹಿಂಬದಿಯ ಮಣ್ಣು ಕೊಚ್ಚಿಹೋಗಿ, ಕೆಲವೇ ಗಂಟೆಗಳಲ್ಲಿ ಏರಿ ಬಾಯಿ ಬಿಡುತ್ತದೆ. ಕೆಳಗೆ ಇನ್ನೊಂದು ಕೆರೆಯಿದ್ದರೆ ಅದರ ಗತಿಯೂ ಅದೇ.

ನಮ್ಮಲ್ಲಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಹೇಮಾವತಿ ನಾಲೆಯ ನೀರು ಪಡೆಯುವ ಕೆರೆಗಳು ಆ ವೇಳೆಗೆ ಮೊದಲೇ ತುಂಬಿರುವುದುಂಟು. 2022ರಲ್ಲಿ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದುದನ್ನೂ ಜಯಮಂಗಲಿ ಉಕ್ಕಿ ಹರಿದುದನ್ನೂ ಓದುಗರು ಮರೆತಿರಲಾರರು.

ಹೆಚ್ಚು ನೀರು ಬೇಕೆಂಬುದು ನ್ಯಾಯವಾದ ಬೇಡಿಕೆಯೇ. ಅದಕ್ಕೆ ದಾರಿ ಹೂಳೆತ್ತುವುದು. ತೆಗೆದ ಗೋಡನ್ನು ಕೆಂಪು ಮರಳುಮಿಶ್ರಿತ ಹೊಲಕ್ಕೆ ಹೊಡೆದರೆ ತೇವ ಹಿಡಿಯುವ ಶಕ್ತಿ ಹೆಚ್ಚಿ ರಾಗಿಗೂ ಒಳ್ಳೆಯದು. ಬೇಸಿಗೆಯಲ್ಲೇ ಕೋಡಿಯ ಮುಂದಿನ ಕಾಲುವೆಯ ಗಿಡಗಂಟಿ, ಒತ್ತುವರಿ ತೆರವುಗೊಳಿಸಬೇಕು. ಏರಿಯ ಮೇಲಿನ ಜಾಲಿ ಸಸಿಗಳನ್ನು ಎಳೆಯವಾಗಿರುವಾಗಲೇ ಕೀಳಬೇಕು. ಮರವಾದ ಮೇಲೆ ಕಡಿದರೆ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ. ಹೆಗ್ಗಣದ ಬಿಲಗಳನ್ನು ಅಗೆದು ಜೇಡಿಮಣ್ಣು ತುಂಬಿ ಗಟ್ಟಿಸಬೇಕು.

ಹಿಂದೆ ಈ ಕಾವಲು ನೀರುಗಂಟಿಯದಾಗಿತ್ತು. ಆ ಕೆಲಸ ನಿಂತುಹೋದ ಊರುಗಳಲ್ಲಿ ಮಳೆಗಾಲದ ರಾತ್ರಿ ಏರಿಯನ್ನು ನೋಡುವವರೇ ಇಲ್ಲ. ಅಚ್ಚುಕಟ್ಟಿನ ರೈತರು ಸರದಿ ಹಾಕಿಕೊಂಡು, ಬ್ಯಾಟರಿ ಹಿಡಿದು ಇಬ್ಬಿಬ್ಬರಂತೆ ಸುತ್ತಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಏರಿಯ ಹಿಂದೆ ತಿಳಿನೀರು ಜಿನುಗಿದರೆ ಗಮನವಿಟ್ಟು ನೋಡುತ್ತಿರಿ. ಅದೇ ನೀರು ಕೆಸರಾಗಿ ಬಂದರೆ ಒಳಗಿನ ಮಣ್ಣು ಕರಗುತ್ತಿದೆ ಎಂದರ್ಥ. ಆಗ ಬೆಳಗಾಗಲೆಂದು ಕಾಯದೆ ಕೆಳಗಿನ ತೋಟದ ಮನೆಗಳನ್ನೂ ಹಟ್ಟಿಯನ್ನೂ ಎಬ್ಬಿಸಿ, ದನಕರುಗಳ ಹಗ್ಗ ಬಿಚ್ಚಿ, 112ಕ್ಕೆ ಅಥವಾ ಜಿಲ್ಲಾ ಸಹಾಯವಾಣಿ 1077ಕ್ಕೆ ತಿಳಿಸಬೇಕು. ಹಳ್ಳದಾಚೆಯ ಹಟ್ಟಿಗಳಲ್ಲಿ ದಿನ ತುಂಬಿದ ಗರ್ಭಿಣಿಯರಿದ್ದರೆ ಮೋಡ ಕಟ್ಟಿದಾಗಲೇ ಈಚೆ ದಡಕ್ಕೆ ಕರೆತರುವುದು ಕ್ಷೇಮ.

ಇನ್ನು ಬೆಳೆಯ ಮಾತು. 2021ರ ನವೆಂಬರ್ ಮಳೆಯಲ್ಲಿ ಕೊಯ್ಲಿಗೆ ಬಂದ ರಾಗಿ ಮಲಗಿ, ತೆನೆಯಲ್ಲೇ ಮೊಳೆತುದು ನಿಮಗೆ ನೆನಪಿರಬಹುದು. ನೀರು ನಿಂತ ಹೊಲಕ್ಕೆ ತಗ್ಗಿನ ಕಡೆಯಿಂದ ಕೂಡಲೇ ಬಸಿಗಾಲುವೆ ತೆಗೆಯಿರಿ. ನೀರು ಇಳಿಯುವವರೆಗೆ ಯೂರಿಯಾ ಹಾಕಬೇಡಿ. ಬೆಳೆ ವಿಮೆ ಮಾಡಿಸಿದವರು ಹಾನಿಯಾದ 72 ಗಂಟೆಗಳೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಫಸಲಿಗೆ 14 ದಿನಗಳವರೆಗೆ ವಿಮೆಯ ರಕ್ಷಣೆಯಿದೆ. ಮೆದೆ ಒಟ್ಟಿದ ಮೇಲೆ ಕೇಳಿದರೆ ಸಿಗದು.