ಬೆಕ್ಕಿನ ಮೈ, ಕಳ್ಳನ ಪಟ್ಟ

2011ರಲ್ಲಿ ಬಂದ 'ಸ್ಕೈರಿಮ್' ವಿಡಿಯೋ ಗೇಮ್‌ನಲ್ಲಿ ಖಜೀತ್ ಎಂಬ ಜನಾಂಗವೊಂದಿದೆ. ಎರಡು ಕಾಲಿನ ಮೇಲೆ ನಡೆಯುವ, ಮಾತಾಡುವ, ವ್ಯಾಪಾರ ಮಾಡುವ ಬೆಕ್ಕುಗಳು. ಮುಖ ಬೆಕ್ಕಿನದು, ಮೈತುಂಬ ರೋಮ, ಹಿಂದೊಂದು ಬಾಲ. ಆಟಗಾರ ಈ ಜನಾಂಗವನ್ನು ಆರಿಸಿಕೊಂಡರೆ ಅವನ ಪಾತ್ರಕ್ಕೆ ಹುಟ್ಟಿನಿಂದಲೇ ಕೆಲವು ಅಂಕಗಳು ಹೆಚ್ಚಿಗೆ ಸಿಗುತ್ತವೆ. ಸದ್ದಿಲ್ಲದೆ ನುಸುಳುವುದಕ್ಕೆ 10. ಬೀಗ ಬಿಚ್ಚುವುದಕ್ಕೆ 5, ಜೇಬು ಕತ್ತರಿಸುವುದಕ್ಕೆ 5. ಬಿಲ್ಲುಗಾರಿಕೆ, ರಸವಿದ್ಯೆ, ಒಂದು ಕೈಯ ಆಯುಧಗಳಿಗೂ ತಲಾ 5. ಅದೇ ಆಟದ ಕಥೆಯಲ್ಲಿ ಖಜೀತ್ ವ್ಯಾಪಾರಿಗಳನ್ನು ಊರ ಕೋಟೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅವರು ಹೆಬ್ಬಾಗಿಲ ಹೊರಗೆ, ಆ ಚಳಿಯಲ್ಲಿ, ಡೇರೆ ಹಾಕಿಕೊಂಡು ಕೂತಿರುತ್ತಾರೆ. ಕಾರಣ, ಅವರು ಕಳ್ಳರು ಎಂಬ ಊರವರ ನಂಬಿಕೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಥೆ ಹೇಳುತ್ತದೆ: ಇದು ಊರವರ ಪೂರ್ವಗ್ರಹ, ಆ ಬಡಪಾಯಿಗಳ ಮೇಲೆ ಮರುಕವಿರಲಿ. ಅಂಕಪಟ್ಟಿ ಹೇಳುತ್ತದೆ: ಊರವರು ಹೇಳುವುದೇ ಸರಿ, ಕಳ್ಳತನ ಇವರ ರಕ್ತದಲ್ಲಿದೆ. ಆಟಗಾರ ನಂಬುವುದು ಕಥೆಯನ್ನಲ್ಲ, ಅಂಕವನ್ನು. ನನ್ನ ತಕರಾರು ಇರುವುದು ಇಲ್ಲಿ. ಬೆಕ್ಕು ಮನುಷ್ಯರನ್ನು ಕಲ್ಪಿಸಿಕೊಳ್ಳುವ ಬಹುಪಾಲು ಬರವಣಿಗೆ ಬೆಕ್ಕಿನ ದೇಹವನ್ನು ನೋಡಲು ಸೋಮಾರಿತನ ಮಾಡುತ್ತದೆ; ಬೆಕ್ಕಿನ 'ಗುಣ'ವನ್ನು ಹಂಚಲು ಮಾತ್ರ ಮುಂದಾಗುತ್ತದೆ.

ಮೊದಲು ದೇಹದ ಮಾತು. ಬೆಕ್ಕು ನಡೆಯುವುದು ಬೆರಳುಗಳ ಮೇಲೆ. ಹಿಂಗಾಲಿನಲ್ಲಿ ನಾವು ಹಿಂದಕ್ಕೆ ಮಡಿಸಿದ ಮಂಡಿ ಎಂದುಕೊಳ್ಳುವುದು ಅದರ ಹಿಮ್ಮಡಿ. ಖಜೀತರು ಬರುವ ಇದೇ ಸರಣಿಯ 2002ರ ಆಟ 'ಮೊರೊವಿಂಡ್' ಇದನ್ನು ಗಂಭೀರವಾಗಿ ತೆಗೆದುಕೊಂಡಿತ್ತು. ಅಲ್ಲಿನ ಖಜೀತರ ಹಿಮ್ಮಡಿ ನೆಲ ಮುಟ್ಟುವುದಿಲ್ಲ, ಅವರಿಗೆ ಬೂಟು ಹೊಂದುವುದಿಲ್ಲ, ಮುಖ ಮುಚ್ಚುವ ಶಿರಸ್ತ್ರಾಣವೂ ಆಗುವುದಿಲ್ಲ. ಮನುಷ್ಯರ ಅಳತೆಗೆ ಕಟ್ಟಿದ ಜಗತ್ತಿನಲ್ಲಿ ಬೇರೆ ಅಳತೆಯ ದೇಹ ಬದುಕುವುದೆಂದರೇನು ಎಂಬುದನ್ನು ಒಂದು ಜೊತೆ ಬೂಟು ಹೇಳಿಬಿಟ್ಟಿತ್ತು. 2006ರ 'ಒಬ್ಲಿವಿಯನ್'ನಲ್ಲಿ ಹಿಮ್ಮಡಿ ನೆಲಕ್ಕಿಳಿಯಿತು. ಬೂಟು ಎಲ್ಲರಿಗೂ ಹೊಂದಿತು. ದೇಹ ವೇಷವಾಯಿತು.

ನಾಲಿಗೆಯನ್ನು ನೋಡೋಣ. ಖಜೀತರ ಬದುಕು, ಭಕ್ತಿ, ವ್ಯಾಪಾರ ಎಲ್ಲವೂ ಚಂದ್ರಸಕ್ಕರೆ ಎಂಬ ಪದಾರ್ಥದ ಸುತ್ತ ತಿರುಗುತ್ತದೆ. ನಿಜವಾದ ಬೆಕ್ಕಿಗೆ ಸಿಹಿಯ ರುಚಿಯೇ ಇಲ್ಲ. ಸಿಹಿಯನ್ನು ಗುರುತಿಸುವ ಗ್ರಾಹಕಕ್ಕೆ ಬೇಕಾದ ಎರಡು ಜೀನ್‌ಗಳಲ್ಲಿ ಒಂದು ಸಾಕುಬೆಕ್ಕು, ಹುಲಿ, ಚೀತಾಗಳಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಆಟದ ಕಥೆ ಅದಕ್ಕಿಂತ ಹಳೆಯದು, ಆದ್ದರಿಂದ ಇದನ್ನು ದೂರಾಗಿ ಹೇಳುತ್ತಿಲ್ಲ. ಆದರೆ ಯೋಚಿಸಿ: ಸಿಹಿ ತಿಳಿಯದ ಜನ ಸಕ್ಕರೆಯನ್ನು ಪೂಜಿಸುತ್ತಾರೆಂದರೆ ಅದು ಎಂಥ ಧರ್ಮವಾಗಬಹುದಿತ್ತು! ದೇಹವನ್ನು ನೋಡಿದ್ದರೆ ಕಥೆ ಸಿಗುತ್ತಿತ್ತು. ಸಿಹಿಯ ಪದವೇ ಇಲ್ಲದ ಭಾಷೆಯಲ್ಲಿ ತಾಯಿ ಮಗುವನ್ನು ಏನೆಂದು ಮುದ್ದಿಸುತ್ತಾಳೆ?

ಇಂಥ ಪ್ರಶ್ನೆಗಳು ಬೇಕಾದಷ್ಟಿವೆ. ಬೆಕ್ಕಿಗೆ ಬೆವರು ಬರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಬಿಸಿಲಲ್ಲಿ ದಿನವಿಡೀ ನಡೆಯಬಲ್ಲ ಪ್ರಾಣಿ ಮನುಷ್ಯ. ಬೆಕ್ಕು ಹೊಂಚುಹಾಕಿ ಒಮ್ಮೆಲೇ ನೆಗೆಯುವ ಪ್ರಾಣಿ. ಹಾಗಾದರೆ ಬೆಕ್ಕು ಜನರ ದೂರ ಪ್ರಯಾಣ ಮುಸ್ಸಂಜೆಗೆ ಹೊರಟು ಬಿಸಿಲೇರುವ ಮುನ್ನ ನಿಲ್ಲಬೇಕು. ಅವರ ಸಂತೆ ರಾತ್ರಿ ನೆರೆಯಬೇಕು. ಕಣ್ಣಿನ ಹಿಂದಿರುವ ಪ್ರತಿಫಲನ ಪದರದಿಂದ ಅವರಿಗೆ ಅರೆಗತ್ತಲಲ್ಲೂ ಕಾಣುತ್ತದೆ. ಆದರೆ ಕೆಂಪು ಅವರಿಗೆ ಮಂಕು. ಅವರ ಬಾವುಟದ ಬಣ್ಣ ಯಾವುದು? ಕಿವಿ ಬೇಕಾದ ಕಡೆ ತಿರುಗುತ್ತದೆ. ಅವರ ಮಾತಿನ ಅರ್ಧ ವ್ಯಾಕರಣ ಕಿವಿಯಲ್ಲೇ ಇರಬಾರದೇಕೆ? ಇವನ್ನೆಲ್ಲ ಬಿಟ್ಟು ನಮಗೆ ಸಾಮಾನ್ಯವಾಗಿ ಸಿಗುವುದೇನು? ಮನುಷ್ಯ ಹುಡುಗಿಯ ತಲೆಗೆ ಅಂಟಿಸಿದ ಎರಡು ಕಿವಿ, ಸೊಂಟಕ್ಕೆ ಕಟ್ಟಿದ ಒಂದು ಬಾಲ. ಎಷ್ಟೋ ಚಿತ್ರಗಳಲ್ಲಿ ಕೂದಲಿನ ಕೆಳಗೆ ಮನುಷ್ಯ ಕಿವಿಗಳೂ ಹಾಗೇ ಇರುತ್ತವೆ. ಗಂಡಾದರೆ ಪೂರ್ತಿ ಮೃಗ, ಹೆಣ್ಣಾದರೆ ಅಲಂಕಾರ. ಇಲ್ಲಿ ಕಲ್ಪಿಸಿದ್ದು ಬೆಕ್ಕನ್ನಲ್ಲ ಎಂದು ಹೇಳಬೇಕಾಗಿಲ್ಲ.

ಇನ್ನು ಗುಣದ ಮಾತು. ಲ್ಯಾರಿ ನಿವೆನ್ 1966ರಲ್ಲಿ ಕ್ಝಿನ್ ಎಂಬ ಬೆಕ್ಕುಜಾತಿಯ ಯೋಧರನ್ನು ಸೃಷ್ಟಿಸಿದ. ಎಂಟು ಅಡಿ ಎತ್ತರ, ಕಿತ್ತಳೆ ರೋಮ, ಇಲಿಯಂಥ ಬೋಳು ಬಾಲ. ರೂಪದಲ್ಲಿ ಸ್ವಂತಿಕೆಯಿದೆ. ಆದರೆ ಸಿದ್ಧತೆ ಮುಗಿಯುವ ಮೊದಲೇ ಮೇಲೆರಗುವುದು ಅವರ ಹುಟ್ಟುಗುಣ, ಮತ್ತು ಅವರ ಹೆಣ್ಣುಗಳಿಗೆ ಬುದ್ಧಿಯೇ ಇಲ್ಲ! ಬೆಕ್ಕುಗಳ ಬದುಕನ್ನು ಬಲ್ಲ ಯಾರೂ ಈ ಎರಡನ್ನೂ ಒಪ್ಪಲಾರರು. ಬೆಕ್ಕಿನ ಬೇಟೆ ಎಂದರೆ ಕಾಯುವುದು. ಸಿಂಹಗಳ ಗುಂಪಿನಲ್ಲಿ ಹೆಚ್ಚಿನ ಬೇಟೆ ಹೆಣ್ಣುಗಳದು. ಹುಲಿಮರಿಗೆ ಬೇಟೆ ಕಲಿಸುವುದು ತಾಯಿ. ಪ್ರಕೃತಿಯ ಹೆಸರಲ್ಲಿ ಬಂದದ್ದು ಮನುಷ್ಯ ಗಂಡಸಿನ ಹಳೆಯ ಕಲ್ಪನೆಯೇ, ರೋಮ ಹೊದ್ದುಕೊಂಡು.

"ಇದು ಬರೀ ಆಟ, ಪ್ರತಿ ಜನಾಂಗಕ್ಕೂ ಒಂದೊಂದು ಶಕ್ತಿ ಕೊಡಬೇಡವೇ?" ಎಂದು ಕೇಳುವವರಿದ್ದಾರೆ. ಕೊಡಲಿ. ಮೆತ್ತನೆಯ ಅಂಗಾಲಿನಿಂದ ಸದ್ದಿಲ್ಲದ ನಡಿಗೆ ಬರುತ್ತದೆ, ಒಪ್ಪಿದೆ. ಕತ್ತಲಲ್ಲಿ ಕಾಣುವ ಕಣ್ಣು, ಅದೂ ಸರಿ. ಆದರೆ ಜೇಬು ಕತ್ತರಿಸುವ ಅಂಗ ಯಾವುದು? ಉಗುರು ಒಳಗೆ ಹೊರಗೆ ಸರಿಯುವ ದಪ್ಪ ಪಂಜಕ್ಕೆ ಬೀಗದೊಳಗಿನ ಸಣ್ಣ ತಂತಿ ತಿರುಗಿಸುವುದು ಇನ್ನೂ ಕಷ್ಟವಾಗಬೇಕಲ್ಲವೇ? ಸಾಮರ್ಥ್ಯ ದೇಹದ್ದು. ಕಳ್ಳತನ ದೇಹದ್ದಲ್ಲ, ಅದು ಹೊರಗಿನವರು ಕಟ್ಟಿದ ಪಟ್ಟ. ಈ ಎರಡರ ನಡುವಿನ ಗೆರೆಯನ್ನು ಅಂಕಪಟ್ಟಿ ಅಳಿಸಿಹಾಕುತ್ತದೆ.

ವಿಚಿತ್ರವೆಂದರೆ ಈ ಆಟದ ಪುರಾಣವೇ ಅದಕ್ಕೆ ಉತ್ತರ ಕೊಡುತ್ತದೆ. ಖಜೀತ್ ಮಗುವಿನ ರೂಪ ನಿರ್ಧಾರವಾಗುವುದು ಹುಟ್ಟಿದ ಹೊತ್ತಿನಲ್ಲಿ ಎರಡು ಚಂದ್ರರು ಯಾವ ಕಲೆಯಲ್ಲಿದ್ದವು ಎಂಬುದರಿಂದ. ಒಂದೇ ತಾಯಿಗೆ ಹುಟ್ಟಿದವರಲ್ಲಿ ಒಬ್ಬ ಮನೆಬೆಕ್ಕಿನಷ್ಟು ಪುಟ್ಟವನು, ಇನ್ನೊಬ್ಬ ಸವಾರಿ ಮಾಡಬಹುದಾದಷ್ಟು ದೊಡ್ಡವನು ಆಗಬಹುದು. ಅಂದರೆ ಇವರ ದೇಹ ವಂಶದಿಂದ ಬಂದದ್ದಲ್ಲ, ಆಕಾಶದಿಂದ ಬಂದದ್ದು. ರೂಪವನ್ನೇ ರಕ್ತ ತೀರ್ಮಾನಿಸದ ಜನಾಂಗದಲ್ಲಿ ಕಸುಬನ್ನು ಮಾತ್ರ ರಕ್ತ ತೀರ್ಮಾನಿಸುತ್ತದೆ ಎಂದರೆ ಹೇಗೆ?

ಹೀಗೆ ಕೇಳಿದ ಲೇಖಕಿಯೂ ಇದ್ದಾಳೆ. ಸಿ. ಜೆ. ಚೆರಿಯ ಚಾನೂರ್ ಕಾದಂಬರಿಗಳಲ್ಲಿ ಹಾನಿ ಎಂಬ ಸಿಂಹದಂಥ ಜನರಿದ್ದಾರೆ. ಹಡಗು ನಡೆಸುವವರೆಲ್ಲ ಹೆಣ್ಣುಗಳು. ಗಂಡುಗಳಿಗೆ ಹುಟ್ಟಾ ಸಿಟ್ಟು, ಬಾಹ್ಯಾಕಾಶಕ್ಕೆ ತಕ್ಕವರಲ್ಲ ಎಂದು ಮನೆಯಲ್ಲೇ ಬಿಡುತ್ತಾರೆ. ನಾಯಕಿ ಪ್ಯಾನ್ಫಾರ್ ತನ್ನ ಗಂಡ ಕಿಮ್‌ನನ್ನು ಹಡಗಿಗೆ ಕರೆತರುತ್ತಾಳೆ. ಅವನು ಕೆಲಸ ಕಲಿಯುತ್ತಾನೆ. ಪ್ರಕೃತಿ ಎಂದು ಎಲ್ಲರೂ ನಂಬಿದ್ದು ರೂಢಿಯೆಂದು ನಿಧಾನವಾಗಿ ತಿಳಿಯುತ್ತದೆ. ಅವನ ಮೈ ಬದಲಾಗಲಿಲ್ಲ, ಅವನಿಗೆ ಸಿಕ್ಕ ಅವಕಾಶ ಬದಲಾಯಿತು.

ಇದರಲ್ಲಿ ನಮಗೇನು ಎನ್ನುವವರು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ನೆನೆಯಲಿ. ಬ್ರಿಟಿಷ್ ಸರ್ಕಾರ ಇಡೀ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿಮಾಡಿತು. ಅವರಲ್ಲಿ ಅನೇಕರು ಊರೂರು ತಿರುಗಿ ಬದುಕುವವರು. ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಅನುಮತಿಯಿಲ್ಲದೆ ಊರು ದಾಟಬಾರದು. 1952ರಲ್ಲಿ ಅವರು ವಿಮುಕ್ತರಾದರು. ಪಟ್ಟಿ ಹೋಯಿತು, ಗುಮಾನಿ ಹೋಗಲಿಲ್ಲ. ಊರ ಹೊರಗಿನ ಡೇರೆ, ಹೆಬ್ಬಾಗಿಲಲ್ಲಿ ತಡೆಯುವ ಕಾವಲುಗಾರ, ಹುಟ್ಟಿಗೇ ಅಂಟಿದ ಕಸುಬು: ಇವು ನಮಗೆ ಫ್ಯಾಂಟಸಿಯಲ್ಲ. ನಿಜವಾದ ಜನರನ್ನು ಕಾಲ್ಪನಿಕ ಬೆಕ್ಕುಗಳಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಒಂದೇ ತರ್ಕ ಕಾನೂನಿನಲ್ಲಿ ಕ್ರೌರ್ಯವಾಗಿ ಕಂಡು, ಆಟದಲ್ಲಿ ಬರೀ ಸಂಖ್ಯೆಯಾಗಿ ಕಂಡರೆ, ಆ ಸಂಖ್ಯೆಗೆ ನಾವು ಒಗ್ಗಿಹೋಗುತ್ತೇವೆ ಎಂಬುದಷ್ಟೇ ನನ್ನ ಆತಂಕ.

ಕನ್ನಡದಲ್ಲೂ ಈಗ ಹುಡುಗ ಹುಡುಗಿಯರು ಫ್ಯಾಂಟಸಿ ಬರೆಯುತ್ತಿದ್ದಾರೆ. ಅವರಲ್ಲಿ ಒಂದು ಮಾತು. ಹೊಸ ಜನಾಂಗವನ್ನು ಕಟ್ಟುವಾಗ ಮೈಯಿಂದ ಶುರುಮಾಡಿ. ಹಲ್ಲು, ನಾಲಿಗೆ, ಹಿಮ್ಮಡಿ, ನಿದ್ದೆ, ಬಸಿರು ಎಲ್ಲವನ್ನೂ ಕೇಳಿ. ಅವರ ಅಡುಗೆ, ಮನೆ, ಹಾಡು, ಗಾದೆ ಅಲ್ಲಿಂದ ಬರಲಿ. ಆದರೆ ಒಳ್ಳೆಯವರು, ಕೆಟ್ಟವರು, ಕಳ್ಳರು, ಶೂರರು ಎಂಬ ಕಾಲಂ ಬಂದಾಗ ಅದನ್ನು ಖಾಲಿ ಬಿಡಿ. ಅದನ್ನು ಪಾತ್ರ ತಾನೇ ಬದುಕಿ ತುಂಬಿಕೊಳ್ಳಲಿ.