ಚರಂಡಿಯ ನೀರೂ ಒಂದು ಸಂಪತ್ತು

ಯಾದಗಿರಿಯ ಪಕ್ಕದಲ್ಲೇ ಭೀಮಾ ನದಿ ಹರಿಯುತ್ತಿದೆ. ಶಹಾಪುರ, ಸುರಪುರಗಳ ಹೊಲಗಳಿಗೆ ನಾರಾಯಣಪುರ ಜಲಾಶಯದಿಂದ ಕೃಷ್ಣೆಯ ನೀರು ಬರುತ್ತದೆ. ಆದರೂ ಎರಡು ನದಿಗಳ ನಡುವಿನ ಈ ನಾಡಿನ ಕುಟುಂಬಗಳು ಕ್ಯಾನ್ ಹಿಡಿದು ಶುದ್ಧ ಕುಡಿಯುವ ನೀರಿನ ಘಟಕಗಳ ಮುಂದೆ ನಿಲ್ಲುತ್ತವೆ. ಕೊಳವೆ ಬಾವಿಗಳ ನೀರು ಅನೇಕ ಕಡೆ ಸವಳು. ಅದರಲ್ಲಿ ಫ್ಲೋರೈಡ್ ಕೂಡಾ ಇದೆ. 2023ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಅನಪುರದಲ್ಲಿ ಕಲುಷಿತ ನೀರು ಕುಡಿದು ಜನರು ಪ್ರಾಣ ಕಳಕೊಂಡರು. ನಾವು ಇದನ್ನು ವಿಧಿಯೆಂದು ಹೇಳಿ ಸುಮ್ಮನಾಗಬೇಕೇ?

ಈಗಿನ ಘಟಕಗಳು ವಿದ್ಯುತ್ತಿನ ಬಲದಿಂದ ನೀರನ್ನು ಸೋಸುತ್ತವೆ. ವಿದ್ಯುತ್ ಹೋದರೆ ನೀರೂ ಇಲ್ಲ. ಸೋಸಿ ಉಳಿದ ಗಡಸು ಉಪ್ಪುನೀರು ಮತ್ತೆ ಚರಂಡಿಗೇ ಸೇರುತ್ತದೆ. ಅದೇ ಚರಂಡಿಯಲ್ಲಿ ಶಕ್ತಿಯೂ ಅಡಗಿದೆಯೆಂದು ವಿಜ್ಞಾನ ಹೇಳುತ್ತಿದೆ. 2009ರಲ್ಲಿ ಚೀನಾದ ತ್ಸಿಂಗ್ಹುವಾ ಮತ್ತು ಅಮೇರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯಗಳ ಸಂಶೋಧಕರು ಮೂರು ಕೋಣೆಗಳ ಒಂದು ಸಾಧನವನ್ನು ತೋರಿಸಿಕೊಟ್ಟರು. ಒಂದು ಕೋಣೆಯಲ್ಲಿ ಸೂಕ್ಷ್ಮಾಣುಜೀವಿಗಳು ಕೊಳೆಯನ್ನು ತಿಂದು ಇಲೆಕ್ಟ್ರಾನ್‌ಗಳನ್ನು ಬಿಡುಗಡೆ ಮಾಡುತ್ತವೆ. ಅವು ತಂತಿಯ ಮೂಲಕ ಇನ್ನೊಂದು ತುದಿಗೆ ಹರಿದಾಗ ವಿದ್ಯುತ್ ಹುಟ್ಟುತ್ತದೆ. ನಡುವಿನ ಕೋಣೆಯಲ್ಲಿರುವ ಉಪ್ಪುನೀರಿನಿಂದ ಸೋಡಿಯಂ ಒಂದು ಕಡೆಗೂ ಕ್ಲೋರೈಡ್ ಇನ್ನೊಂದು ಕಡೆಗೂ ವಿಶೇಷ ಪೊರೆಗಳನ್ನು ದಾಟಿ ಸರಿಯುತ್ತವೆ. ಕೊಳೆ ಕರಗುತ್ತದೆ, ಉಪ್ಪು ಇಳಿಯುತ್ತದೆ, ವಿದ್ಯುತ್ತೂ ಸಿಗುತ್ತದೆ.

ಆದರೆ ಇದನ್ನು ಪವಾಡವೆಂದು ನಾವು ಭಾವಿಸಬಾರದು. ಹುಟ್ಟುವ ವಿದ್ಯುತ್ ಅತ್ಯಲ್ಪ. ಪೊರೆಗಳು ದುಬಾರಿ, ಅವುಗಳ ಮೇಲೆ ಬೇಗನೆ ಕಿಲುಬು ಕಟ್ಟುತ್ತದೆ. ಯುರೋಪಿನಲ್ಲಿ 2016ರಿಂದ ಇದರ ದೊಡ್ಡ ಪ್ರಯೋಗ ನಡೆದರೂ ಊರಿಗೆ ನೀರುಣಿಸುವ ಮಟ್ಟಕ್ಕೆ ಅದು ಬೆಳೆದಿಲ್ಲ. ನಾಳೆ ಅದು ಅಗ್ಗವಾದರೂ ಮನೆಮನೆಯ ಕೊಳಚೆ ಒಂದೆಡೆ ಸೇರದೆ ಪ್ರಯೋಜನವಿಲ್ಲ. ತೆರೆದ ಚರಂಡಿಯಲ್ಲಿ ಹರಿದು ಕುಡಿಯುವ ನೀರಿನ ಪೈಪಿಗೆ ನುಸುಳುವ ಕೊಳಚೆಯಿಂದ ಯಾವ ಯಂತ್ರವೂ ವಿದ್ಯುತ್ ತೆಗೆಯಲಾರದು.

ಕೊಳಚೆಯನ್ನು ಶುದ್ಧೀಕರಿಸಿದರೂ ಅದು ಪಾಕ್ ಆಗುತ್ತದೆಯೇ ಎಂದು ನಮ್ಮ ಮನೆಗಳಲ್ಲಿ ಅನುಮಾನ ಏಳಬಹುದು. ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲೇ ಇದಕ್ಕೆ ಉತ್ತರ ನೀಡಿದೆ. ಬಣ್ಣ, ರುಚಿ, ವಾಸನೆಗಳಲ್ಲಿ ಕೊಳೆಯ ಕುರುಹೇ ಉಳಿಯದಂತೆ ಶುದ್ಧೀಕರಿಸಿದ ನೀರು ವುಝೂವಿಗೂ ಆಗುತ್ತದೆ. ಕುಡಿಯುವ ವಿಷಯದಲ್ಲಿ ಮಾತ್ರ ಆರೋಗ್ಯದ ಎಚ್ಚರ ಬೇಕು. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿರುವುದೂ ನಮ್ಮ ಮುಂದಿದೆ.

ಆದ್ದರಿಂದ ಕೆಲಸ ನಮ್ಮಿಂದಲೇ ಆರಂಭವಾಗಲಿ. ಮಸೀದಿಗಳಲ್ಲಿ ವುಝೂವಿನ ನೀರನ್ನು ಚರಂಡಿಗೆ ಬಿಡದೆ ಗಿಡಮರಗಳಿಗೆ ಹರಿಸುವುದು ಕಷ್ಟವೇನಲ್ಲ. ಇಂಜಿನಿಯರಿಂಗ್ ಕಲಿಯುವ ನಮ್ಮ ಮಕ್ಕಳು ಈ ವಿಷಯವನ್ನು ಸಂಶೋಧನೆಗೆ ಆರಿಸಿಕೊಳ್ಳಲಿ. ನಗರಸಭೆಗೆ ಓಟು ಕೇಳಲು ಬರುವವರ ಮುಂದೆ ನಾವು ಶಾದಿಮಹಲಿನ ಬೇಡಿಕೆಯನ್ನಷ್ಟೇ ಇಡುತ್ತೇವೆ. ನಮ್ಮ ಗಲ್ಲಿಯ ಒಳಚರಂಡಿ ಎಲ್ಲಿಗೆ ಹೋಗುತ್ತದೆ, ಭೀಮೆಗೆ ಸೇರುವ ಮುನ್ನ ಅದು ಶುದ್ಧವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಈ ಬಾರಿಯಾದರೂ ಕೇಳೋಣ.